ಆಬಾ ನಿಲ್ಲುವುದಿಲ್ಲ ಎಂದ ದಿನ

2019ರ ವಿಧಾನಸಭಾ ಚುನಾವಣೆ ಹತ್ತಿರ ಬಂದಿತ್ತು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಸಾಂಗೋಲಾದಲ್ಲಿ ತೊಂಬತ್ತು ದಾಟಿದ ಶಾಸಕರೊಬ್ಬರು ತಮ್ಮ ಪಕ್ಷದ ಕಾರ್ಯಕರ್ತರಿಗೆ ಒಂದು ಮಾತು ತಿಳಿಸಿದರು: ಈ ಸಲ ನಾನು ನಿಲ್ಲುವುದಿಲ್ಲ. ವಯಸ್ಸಾಯಿತು, ದೇಹ ಸಹಕರಿಸುತ್ತಿಲ್ಲ, ಇನ್ನು ಬೇರೆಯವರು ನೋಡಿಕೊಳ್ಳಲಿ ಎಂಬುದು ಅವರ ಮಾತಿನ ಸಾರ. 93 ವರ್ಷದ ಮನುಷ್ಯ ಸಾಕು ಎಂದರೆ ಬೇರೆ ಯಾವ ಊರಿನಲ್ಲಾದರೂ ಜನ ಕೈ ಮುಗಿದು, ಶಾಲು ಹೊದಿಸಿ, ಒಂದು ಸತ್ಕಾರ ಸಮಾರಂಭ ಮಾಡಿ ಮನೆಗೆ ಕಳಿಸಿಕೊಡುತ್ತಿದ್ದರು. ಸಾಂಗೋಲಾದ ಜನ ಹಾಗೆ ಮಾಡಲಿಲ್ಲ. ಕಾರ್ಯಕರ್ತರು ಅತ್ತರು, ಹಟ ಹಿಡಿದರು. ನೀವು ಪ್ರಚಾರಕ್ಕೂ ಬರಬೇಡಿ, ಮನೆಯಲ್ಲೇ ಕೂತಿರಿ, ಅರ್ಜಿಗೆ ಸಹಿ ಹಾಕಿಕೊಟ್ಟರೆ ಸಾಕು, ಉಳಿದದ್ದು ನಮಗೆ ಬಿಡಿ ಎಂಬ ಧಾಟಿಯಲ್ಲಿ ದುಂಬಾಲು ಬಿದ್ದರು.

ಆ ಹಿರಿಯರ ಹೆಸರು ಗಣಪತರಾವ್ ದೇಶಮುಖ್. ಊರವರ ಬಾಯಲ್ಲಿ 'ಆಬಾ'. ಒಂದೇ ಕ್ಷೇತ್ರದಿಂದ, ಒಂದೇ ಪಕ್ಷದಿಂದ 11 ಸಲ ಗೆದ್ದವರು. ಆ ಪಕ್ಷವೂ ಅಧಿಕಾರದ ಪಕ್ಷವಲ್ಲ. ಶೇತಕರಿ ಕಾಮಗಾರ್ ಪಕ್ಷ, ಅಂದರೆ ರೈತ ಕಾರ್ಮಿಕರ ಪಕ್ಷ; ಮರಾಠಿ ಪತ್ರಿಕೆಗಳಲ್ಲಿ ಚಿಕ್ಕದಾಗಿ 'ಶೇಕಾಪ'. ಕೆಂಪು ಬಾವುಟದ ಈ ಪಕ್ಷ ಮಹಾರಾಷ್ಟ್ರದಲ್ಲಿ ತನ್ನ ಬಲದಿಂದ ಒಂದು ದಿನವೂ ಸರ್ಕಾರ ನಡೆಸಿದ್ದಿಲ್ಲ. ಹಾಗಿದ್ದೂ ಅರ್ಧ ಶತಮಾನ ಒಂದು ತಾಲ್ಲೂಕು ಈ ಬಾವುಟವನ್ನು ಕೆಳಗಿಳಿಸಲಿಲ್ಲ. ಆ ನಿಷ್ಠೆ ಎಲ್ಲಿಂದ ಬಂತು, ಆಬಾ ಪಕ್ಕಕ್ಕೆ ಸರಿದ ಮೇಲೆ ಅದು ಏನಾಯಿತು ಎಂಬುದು ನನ್ನನ್ನು ಬಹಳ ದಿನದಿಂದ ಹಿಡಿದಿಟ್ಟಿರುವ ಕಥೆ.

ಸಾಂಗೋಲಾ ನಮಗೆ ದೂರದ ಊರಲ್ಲ. ವಿಜಯಪುರದ ಕಡೆಯಿಂದ ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆಗೆ ಹೋದವರು ಇನ್ನೊಂದಿಷ್ಟು ಪಶ್ಚಿಮಕ್ಕೆ ಸರಿದರೆ ಸಾಂಗೋಲಾ ಸೀಮೆ. ಉತ್ತರಕ್ಕೆ ಪಂಢರಪುರ, ದಕ್ಷಿಣಕ್ಕೆ ಕನ್ನಡ ಮಾತಾಡುವ ಹಳ್ಳಿಗಳಿರುವ ಜತ್ತ ತಾಲ್ಲೂಕು. ನಮ್ಮ ಬಯಲುಸೀಮೆಯ ಹಾಗೇ ಬೆಂಗಾಡು. ಸಹ್ಯಾದ್ರಿಯಲ್ಲಿ ಸುರಿದ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ. ಮಾಣ್ ಎಂಬ ನದಿ ಹರಿಯುತ್ತದೆ ಎಂದು ಭೂಪಟ ಹೇಳುತ್ತದೆ; ವರ್ಷದ ಬಹುಪಾಲು ಅದರಲ್ಲಿ ಕಾಣುವುದು ಮರಳು. ಜೋಳ, ಸಜ್ಜೆ, ಕುರಿ ಮತ್ತು ಖಿಲಾರಿ ದನ ಇಲ್ಲಿನ ಹಳೆಯ ಬದುಕು. ಭಾನುವಾರದ ದನದ ಸಂತೆಗೆ ಸಾಂಗೋಲಾ ದೂರದೂರಕ್ಕೂ ಹೆಸರುವಾಸಿ. ಖಿಲಾರಿ ಎತ್ತು ಕಟ್ಟುವ ನಮ್ಮ ಉತ್ತರ ಕರ್ನಾಟಕದ ಒಕ್ಕಲಿಗರಿಗೆ ಈ ಸೀಮೆಯ ಹೆಸರು ಹೊಸದಲ್ಲ.

ಗಣಪತರಾವ್ ಹುಟ್ಟಿದ್ದು 1926ರ ಆಗಸ್ಟ್ 10ರಂದು, ಸೊಲ್ಲಾಪುರ ಜಿಲ್ಲೆಯದೇ ಮೋಹೊಳ ತಾಲ್ಲೂಕಿನ ಪೇನೂರಿನಲ್ಲಿ. ಧನಗರ ಸಮುದಾಯದವರು, ನಮ್ಮಲ್ಲಿ ಕುರುಬರೆನ್ನುವ ಹಾಲುಮತದವರಿಗೆ ಹತ್ತಿರದ ಬಳಗ. ಕಾನೂನು ಓದಿ ಸಾಂಗೋಲಾಕ್ಕೆ ವಕೀಲಿಕೆಗೆ ಬಂದರು. ಅವರು ಸೇರಿದ ಪಕ್ಷ ಆಗ ತರುಣರ ಪಕ್ಷವಾಗಿತ್ತು. 1947ರಲ್ಲಿ ಕಾಂಗ್ರೆಸ್ಸಿನ ಒಳಗೇ ಒಂದು ಬಣವಾಗಿ ಹುಟ್ಟಿ ಮರುವರ್ಷ ಹೊರಬಂದು ನಿಂತ ಪಕ್ಷ ಅದು. ಶಂಕರರಾವ್ ಮೋರೆ, ಕೇಶವರಾವ್ ಜೇಧೆ ಅದರ ಮುಂದಾಳುಗಳು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯ ನೆನಪನ್ನೂ ಮಾರ್ಕ್ಸ್‌ನ ವಿಚಾರವನ್ನೂ ಒಂದೇ ಕೈಯಲ್ಲಿ ಹಿಡಿಯಲು ಹೊರಟವರು. 1950ರಲ್ಲಿ ನಾಸಿಕ ಜಿಲ್ಲೆಯ ದಾಭಾಡಿಯಲ್ಲಿ ಸೇರಿ ತಮ್ಮ ಸಿದ್ಧಾಂತವನ್ನು ಬರೆದಿಟ್ಟರು. ನಾಲ್ಕೇ ವರ್ಷದಲ್ಲಿ ಮೋರೆ, ಜೇಧೆ ಇಬ್ಬರೂ ಕಾಂಗ್ರೆಸ್ಸಿಗೆ ಮರಳಿದರು. ಕಟ್ಟಿದವರೇ ಬಿಟ್ಟುಹೋದ ಮನೆಯಲ್ಲಿ ದೀಪ ಹಚ್ಚಿಕೊಂಡು ಉಳಿದವರು ಹಳ್ಳಿಯ ಕಾರ್ಯಕರ್ತರು. ಮುಖಂಡರು ಹೋದರೂ ಪಕ್ಷ ನಿಲ್ಲುತ್ತದೆ ಎಂಬುದನ್ನು ಶೇಕಾಪದ ಸಾಮಾನ್ಯ ಸದಸ್ಯ 1954ರಲ್ಲೇ ಕಂಡುಕೊಂಡಿದ್ದ. 65 ವರ್ಷಗಳ ಮೇಲೆ ಸಾಂಗೋಲಾದಲ್ಲಿ ಆಡಿದ ಮಾತು ಕೇಳುವಾಗ ಇದು ನೆನಪಿರಲಿ.

ಇಲ್ಲಿ ಕನ್ನಡಿಗನಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಶೇಕಾಪ ಮುಂಚೂಣಿಯಲ್ಲಿತ್ತು. ಬೆಳಗಾವಿಯ ವಿಷಯದಲ್ಲಿ ಆ ಪಕ್ಷದ ನಿಲುವು, ಅದರ ದೊಡ್ಡ ನಾಯಕ ಎನ್.ಡಿ. ಪಾಟೀಲರ ನಿಲುವು, ನಮಗೆ ಒಪ್ಪುವಂಥದ್ದಲ್ಲ. ಆ ಭಿನ್ನಾಭಿಪ್ರಾಯವನ್ನು ಇಟ್ಟುಕೊಂಡೇ ಗಣಪತರಾವ್ ಅವರ ಬದುಕನ್ನು ಗೌರವದಿಂದ ನೋಡಬಹುದು, ನೋಡಬೇಕು ಎಂದು ನನ್ನ ನಂಬಿಕೆ.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. 1962ರಲ್ಲಿ ಹೊಸ ರಾಜ್ಯದ ಮೊದಲ ಚುನಾವಣೆ. ಸಾಂಗೋಲಾ ತನ್ನ ತರುಣ ವಕೀಲನನ್ನು ಮುಂಬಯಿಗೆ ಕಳಿಸಿತು. 1967ರಲ್ಲಿ ಮತ್ತೆ ಕಳಿಸಿತು. 1972ರಲ್ಲಿ ಸೋಲಿಸಿತು. ಆ ವರ್ಷವನ್ನು ವಿಜಯಪುರ, ಬಾಗಲಕೋಟೆಯ ಹಿರಿಯರು ಇಂದಿಗೂ 'ಎಪ್ಪತ್ತೆರಡರ ಬರ' ಎಂದೇ ಹೇಳುತ್ತಾರೆ. ಗಡಿಯ ಆಚೆಯೂ ಅದೇ ಬರ, ಅದೇ ಆಮದಿನ ಕೆಂಪು ಜೋಳ, ಅದೇ ಕಲ್ಲು ಒಡೆಯುವ ಕಾಮಗಾರಿ. ಲಕ್ಷಾಂತರ ಜನ ಬಿಸಿಲಿನಲ್ಲಿ ಜಲ್ಲಿ ಒಡೆದು ಕೂಲಿ ಪಡೆದ ಆ ದಿನಗಳಲ್ಲೇ, ಕೆಲಸ ಕೇಳುವುದು ಬಡವನ ಹಕ್ಕು ಎಂಬ ಮಾತು ಮಹಾರಾಷ್ಟ್ರದಲ್ಲಿ ಗಟ್ಟಿಯಾಯಿತು. ವಿ.ಸ. ಪಾಗೆಯವರ ಹೆಸರಿನೊಂದಿಗೆ ಸೇರಿಹೋಗಿರುವ ಉದ್ಯೋಗ ಖಾತ್ರಿ ಯೋಜನೆಯ ಬೇರು ಅಲ್ಲಿದೆ. ದೇಶಕ್ಕೆ 2005ರಲ್ಲಿ ಬಂದ ಕಾನೂನಿಗೆ ಅದು ಹಿರಿಯಣ್ಣ. ಶಾಸಕ ಸ್ಥಾನ ಕಳೆದುಕೊಂಡಿದ್ದ ಗಣಪತರಾವ್ ಊರಲ್ಲೇ ಉಳಿದರು. ಅವರನ್ನು ಸೋಲಿಸಿದ್ದ ಶಾಸಕರು ಅವಧಿಯ ನಡುವೆಯೇ ತೀರಿಕೊಂಡರು. 1974ರ ಉಪಚುನಾವಣೆಯಲ್ಲಿ ಸಾಂಗೋಲಾ ಮತ್ತೆ ಆಬಾರನ್ನು ಕರೆಯಿತು. ಅಲ್ಲಿಂದ 1978, 1980, 1985, 1990.

1978 ಶೇಕಾಪದ ಪಾಲಿಗೆ ಒಳ್ಳೆಯ ವರ್ಷ. 13 ಸ್ಥಾನ ಬಂದಿದ್ದವು. ಶರದ್ ಪವಾರ್ ಮೊದಲ ಸಲ ಮುಖ್ಯಮಂತ್ರಿಯಾಗಿ ರಚಿಸಿದ ಪುರೋಗಾಮಿ ಮೈತ್ರಿ ಸರ್ಕಾರದಲ್ಲಿ ಗಣಪತರಾವ್ ಮಂತ್ರಿಯಾದರು. 1980ರ ಫೆಬ್ರುವರಿಯಲ್ಲಿ ಆ ಸರ್ಕಾರ ವಜಾ ಆಯಿತು. 1999ರಲ್ಲಿ ವಿಲಾಸರಾವ್ ದೇಶಮುಖ್ ಸರ್ಕಾರದಲ್ಲಿ ಇನ್ನೊಮ್ಮೆ ಮಂತ್ರಿಗಿರಿ. ಇಷ್ಟು ಬಿಟ್ಟರೆ ಮಿಕ್ಕದ್ದೆಲ್ಲ ವಿರೋಧ ಪಕ್ಷದ ಬೆಂಚು. ಮಂತ್ರಿಯಾಗಿ ಅವರು ಏನು ಮಾಡಿದರೆಂದು ಕೇಳಿದರೆ ಸಾಂಗೋಲಾದವರು ಹೆಚ್ಚು ಹೇಳುವುದಿಲ್ಲ. ಶಾಸಕರಾಗಿ ಹೇಗಿದ್ದರೆಂದು ಕೇಳಿದರೆ ಮಾತು ನಿಲ್ಲುವುದಿಲ್ಲ.

ಎಸ್‌ಟಿ ಬಸ್ಸಿನ ಮಾತು ಅದರಲ್ಲಿ ಮೊದಲು ಬರುತ್ತದೆ. ಮಹಾರಾಷ್ಟ್ರದ ಕೆಂಪು ಸಾರಿಗೆ ಬಸ್ಸಿನಲ್ಲಿ ಜನರ ನಡುವೆ ಕೂತು ಓಡಾಡಿದ ಶಾಸಕ ಎಂದು ಇಡೀ ರಾಜ್ಯ ಅವರನ್ನು ಗುರುತಿಸಿತು. ಬಿಳಿ ಧೋತರ, ಬಿಳಿ ಅಂಗಿ. ಪತ್ರಿಕೆಯವರಿಗೆ ಇದು ಸರಳತೆಯ ಚಿತ್ರ. ಕಾರ್ಯಕರ್ತನಿಗೆ ಅದರ ಅರ್ಥ ಬೇರೆ. ಶಾಸಕ ಬಸ್ಸಿನಲ್ಲಿ ಬಂದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾನೆ. ಪಡಿತರ ಚೀಟಿ ಸಿಗದವನು, ಪಂಪ್‌ಸೆಟ್ಟಿಗೆ ವಿದ್ಯುತ್ ಬರದವನು, ಮಗನ ಶಾಲೆಯ ಫೀಸಿಗೆ ಪರದಾಡುವವನು ಅಲ್ಲೇ ಹಿಡಿದು ಮಾತಾಡಬಹುದು. ನಡುವೆ ಚೇಲಾ ಬೇಡ, ಚೀಟಿ ಬೇಡ. ಚುನಾವಣೆ ಬಂದಾಗ ಹಳ್ಳಿಗಳು ವಂತಿಗೆ ಎತ್ತುತ್ತಿದ್ದವು. ನಾಯಕನ ಕೈಯಿಂದ ದುಡ್ಡು ಕಾರ್ಯಕರ್ತನಿಗೆ ಇಳಿಯುವ ಕಾಲದಲ್ಲಿ ಇಲ್ಲಿ ಅದು ಕೆಳಗಿನಿಂದ ಮೇಲೆ ಹೋಗುತ್ತಿತ್ತು. ದುಡ್ಡು ಕೊಟ್ಟವನಿಗೆ ಕೇಳುವ ಹಕ್ಕೂ ಇರುತ್ತದೆ. 2019ರಲ್ಲಿ ಅವರು ಆ ಹಕ್ಕಿನಿಂದಲೇ ಕೇಳಿದರು ಎಂದು ನನಗೆ ಅನಿಸುತ್ತದೆ: ಈ ಸ್ಥಾನ ನಮ್ಮದು, ನೀವೊಬ್ಬರೇ ಅದನ್ನು ಬಿಟ್ಟುಕೊಡುವುದು ಹೇಗೆ?

ಧನಗರರ ಸಂಖ್ಯೆ ಆ ತಾಲ್ಲೂಕಿನಲ್ಲಿ ದೊಡ್ಡದು, ಅದಕ್ಕೇ ಗೆದ್ದರು ಎಂದು ಲೆಕ್ಕ ಮುಗಿಸುವವರಿದ್ದಾರೆ. ಜಾತಿಯ ಬಲ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದೇ ಜಾತಿ ಲೆಕ್ಕ ಇದ್ದಾಗಲೇ ಅವರು 1972ರಲ್ಲಿ ಸೋತರು. 1995ರಲ್ಲಿ ಮತ್ತೆ ಸೋತರು, ಅದೂ ಕಾಂಗ್ರೆಸ್ಸಿನ ಶಹಾಜಿಬಾಪು ಪಾಟೀಲರ ಎದುರು ಬರೀ 192 ಮತಗಳಿಂದ. 192 ಎಂದರೆ ಒಂದು ಸಣ್ಣ ಹಳ್ಳಿಯ ಒಂದು ಓಣಿ. ಆ ಸೋಲು ಕಾರ್ಯಕರ್ತರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. 1999ರಲ್ಲಿ ಗೆಲ್ಲಿಸಿ ತಂದರು. ಆಮೇಲೆ 2004, 2009, 2014, ಒಂದನ್ನೂ ಬಿಡಲಿಲ್ಲ. 2014ರಲ್ಲಿ ಇಡೀ ರಾಜ್ಯದಲ್ಲಿ ಬಿಜೆಪಿಯ ಅಲೆ ಎದ್ದಿದ್ದಾಗ 88 ವರ್ಷದ ಆಬಾ, ಆಗ ಶಿವಸೇನೆಯಲ್ಲಿದ್ದ ಅದೇ ಶಹಾಜಿಬಾಪು ಅವರನ್ನು ಸುಮಾರು 25 ಸಾವಿರ ಮತಗಳಿಂದ ಸೋಲಿಸಿದರು.

ಆದರೆ ಆಬಾ ಮತ್ತು ಅವರ ಜನರ ನಂಟನ್ನು ನಿಜವಾಗಿ ಬೆಸೆದದ್ದು ನೀರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೃಷ್ಣೆ ಸಾತಾರಾ, ಸಾಂಗಲಿ ದಾಟಿ ನಮ್ಮ ಕಡೆಗೆ ಇಳಿಯುತ್ತಾಳೆ. ಅವಳ ಎರಡೂ ದಡದಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಅವುಗಳ ಮೇಲೆ ಕಟ್ಟಿದ ರಾಜಕಾರಣ. ಆ ಹಸಿರಿನ ಪೂರ್ವಕ್ಕೆ, ಎತ್ತರದ ಕಲ್ಲುನೆಲದಲ್ಲಿ, ಆಟಪಾಡಿ, ಜತ್ತ, ಕವಠೆ ಮಹಾಂಕಾಳ, ಖಾನಾಪುರ, ಮಾಣ್, ಸಾಂಗೋಲಾದಂಥ ತಾಲ್ಲೂಕುಗಳು ಬಾಯಾರಿ ಕೂತಿದ್ದವು. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560 ಟಿಎಂಸಿ, ನಮಗೆ 700 ಟಿಎಂಸಿ ಹಂಚಿತ್ತು. ಆ ತೀರ್ಪಿನ ಮರುಪರಿಶೀಲನೆಯ ಗಡುವು 2000ದ ಮೇ 31. ಅದರೊಳಗೆ ಪಾಲಿನ ನೀರು ಬಳಸಿಕೊಳ್ಳಬೇಕೆಂಬ ಧಾವಂತ ಎರಡೂ ಕಡೆ ಇತ್ತು. ನಮ್ಮಲ್ಲಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದರೆ ಅವರಲ್ಲಿ 1996ರಲ್ಲಿ ಮಹಾರಾಷ್ಟ್ರ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ ಹುಟ್ಟಿತು. ಆಲಮಟ್ಟಿಯ ಗೋಡೆ ಏರುತ್ತಿದ್ದ ಕಾಲವೇ ಆಚೆ ಟೆಂಭೂ, ಮ್ಹೈಸಾಳ ಏತ ನೀರಾವರಿಗಳ ಪೈಪು ಮಲಗುತ್ತಿದ್ದ ಕಾಲ.

ಸರ್ಕಾರಗಳಿಗೆ ಈ ಧಾವಂತ ಹುಟ್ಟುವ ಮೊದಲೇ ಬರಪೀಡಿತ ತಾಲ್ಲೂಕಿನ ಜನ ಎದ್ದಿದ್ದರು. ಬ್ರಿಟಿಷರ ವಿರುದ್ಧ ಸಾತಾರಾದ ಪ್ರತಿಸರ್ಕಾರದಲ್ಲಿ ಹೋರಾಡಿದ್ದ ವಾಳವೆಯ ನಾಗನಾಥ ಅಣ್ಣಾ ನಾಯಕವಡಿ 1993ರಲ್ಲಿ ಆಟಪಾಡಿಯಲ್ಲಿ ಪಾಣಿ ಪರಿಷತ್ತು ಕರೆದರು. 13 ಬರದ ತಾಲ್ಲೂಕುಗಳ ಜನ ಸೇರಿದರು. ಗಣಪತರಾವ್ ಅವರ ಜೊತೆ ನಿಂತರು. ಭಾರತ್ ಪಾಟಣಕರ್ ಅವರ ಶ್ರಮಿಕ ಮುಕ್ತಿ ದಳವೂ ಸೇರಿಕೊಂಡಿತು. ಅದು ಒಂದು ವರ್ಷದ ಸಭೆಯಾಗಿ ಮುಗಿಯಲಿಲ್ಲ, ವರ್ಷವರ್ಷವೂ ಸೇರಿತು. ಅವರ ಬೇಡಿಕೆಯಲ್ಲಿ ಎರಡು ಭಾಗ. ಒಂದು, ಕೃಷ್ಣೆಯ ನೀರನ್ನು ಎತ್ತಿ ನಮ್ಮ ಎತ್ತರಕ್ಕೆ ತನ್ನಿ. ಎರಡನೆಯದು ನನ್ನನ್ನು ಹೆಚ್ಚು ತಟ್ಟಿದ್ದು: ಬಂದ ನೀರನ್ನು ಭೂಮಿ ಎಷ್ಟಿದೆ ಎಂದು ನೋಡಿ ಹಂಚಬೇಡಿ, ಮನೆಗಿಷ್ಟು ಎಂದು ಸಮನಾಗಿ ಹಂಚಿ, ಭೂಮಿ ಇಲ್ಲದವನಿಗೂ ಪಾಲು ಕೊಡಿ. ಕಾಲುವೆಯ ತಲೆಯಲ್ಲಿರುವವನು ಗದ್ದೆ ತೊಯ್ಯಿಸಿ ಬಾಲದಲ್ಲಿರುವವನು ಬಾಯಿ ಬಿಡುವುದನ್ನು ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಕಂಡ ನಮಗೆ ಈ ಬೇಡಿಕೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀರು ಬರಲು ದಶಕಗಳೇ ಹಿಡಿದವು. ನಾಗನಾಥ ಅಣ್ಣಾ 2012ರಲ್ಲಿ ತೀರಿಕೊಂಡರು. ಈ ನಡುವೆ ಸಾಂಗೋಲಾದ ರೈತ ಬರೀ ಕಾಯುತ್ತ ಕೂರಲಿಲ್ಲ. ಕಡಿಮೆ ನೀರು ಬೇಡುವ ದಾಳಿಂಬೆಯನ್ನು ಹಿಡಿದ, ಹನಿ ನೀರಾವರಿ ಹಾಕಿಸಿದ. ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2020ರ ಡಿಸೆಂಬರ್ 28ರಂದು ದೇಶದ ನೂರನೆಯ ಕಿಸಾನ್ ರೈಲು ಹೊರಟದ್ದು ಈ ಸಾಂಗೋಲಾ ನಿಲ್ದಾಣದಿಂದಲೇ, ಬಂಗಾಳದ ಶಾಲಿಮಾರಿಗೆ. ಹತ್ತಿಗೆ ಹೆಸರಿಲ್ಲದ ಆ ನೆಲದಲ್ಲಿ ಗಣಪತರಾವ್ ಸಹಕಾರಿ ನೂಲಿನ ಗಿರಣಿ ಕಟ್ಟಿದರು, ಹೆಂಗಸರಿಗಾಗಿ ಬೇರೆ ಗಿರಣಿಯನ್ನೂ ತಂದರು. ಅದೇ ರಾಜ್ಯದಲ್ಲಿ ಎಷ್ಟೋ ಸಹಕಾರಿ ಗಿರಣಿಗಳು ಧಣಿಗಳ ಮನೆ ಸೇರಿ ಮುಳುಗಿದವು, ಇದು ನಡೆಯಿತು. ಬರದ ಕಾಮಗಾರಿಯಲ್ಲಿ ಜಲ್ಲಿ ಒಡೆದ ಮನೆಯ ಮಗಳು ಗಿರಣಿಯಲ್ಲಿ ತಿಂಗಳ ಸಂಬಳ ಎಣಿಸಿದಾಗ ಆ ಮನೆಯ ಬಾಗಿಲಿಗೆ ಯಾವ ಪಕ್ಷದ ಬಾವುಟ ಕಟ್ಟುತ್ತಾರೆ ಎಂದು ಕೇಳಬೇಕಿಲ್ಲ.

ಇಂಥ ನಂಟು ಕಟ್ಟಿಕೊಂಡವರು 2019ರಲ್ಲಿ ಸಾಕು ಎಂದರು.

ಅಲ್ಲಿಂದ ಮುಂದೆ ನಡೆದದ್ದನ್ನು ಎರಡು ಕಣ್ಣಿನಿಂದ ನೋಡಬೇಕು. ಗಣಪತರಾವ್ ಹಟಕ್ಕೆ ಮಣಿಯಲಿಲ್ಲ. ಪಕ್ಷ ಮೊದಲು ಅವರ ಕುಟುಂಬದ ಹೊರಗಿನ ಒಬ್ಬ ಉದ್ಯಮಿಯನ್ನು ಅಭ್ಯರ್ಥಿಯಾಗಿ ಘೋಷಿಸಿತು. ಹೊರಗಿನಿಂದ ನೋಡಿದರೆ ಇದು ಮೆಚ್ಚಬೇಕಾದ ನಿರ್ಧಾರ. 11 ಸಲ ಗೆದ್ದವರು ಸ್ಥಾನವನ್ನು ಮನೆಯವರಿಗೆ ಬರೆದುಕೊಡಲಿಲ್ಲ. ಆದರೆ ಸಾಂಗೋಲಾದ ಕಾರ್ಯಕರ್ತರು ಮತ್ತೆ ಎದ್ದರು. ಆಬಾ ನಿಲ್ಲದಿದ್ದರೆ ಅವರ ಮನೆಯವರೇ ನಿಲ್ಲಲಿ ಎಂದರು. ಕೂಗು ಎಷ್ಟು ಜೋರಾಯಿತೆಂದರೆ ಪಕ್ಷ ಘೋಷಿಸಿದ ಹೆಸರನ್ನು ಹಿಂದಕ್ಕೆ ಪಡೆದು ಮೊಮ್ಮಗ ಡಾ. ಅನಿಕೇತ್ ದೇಶಮುಖ್ ಅವರನ್ನು ಕಣಕ್ಕಿಳಿಸಬೇಕಾಯಿತು.

ನಮ್ಮಲ್ಲಿ ವಂಶದ ರಾಜಕಾರಣ ಮೇಲಿನಿಂದ ಇಳಿಯುವುದನ್ನು ಕಂಡಿದ್ದೇವೆ. 8 ಸಲ ಗೆದ್ದ ಯಡಿಯೂರಪ್ಪನವರು 2022ರ ಜುಲೈಯಲ್ಲಿ ಶಿಕಾರಿಪುರಕ್ಕೆ ಮಗ ವಿಜಯೇಂದ್ರ ನಿಲ್ಲುತ್ತಾರೆ ಎಂದು ತಾವೇ ಘೋಷಿಸಿದರು. ಮರುವರ್ಷ ಮಗ ಸುಮಾರು 11 ಸಾವಿರ ಮತಗಳಿಂದ ಗೆದ್ದರು. ಸಾಂಗೋಲಾದಲ್ಲಿ ಅದು ಕೆಳಗಿನಿಂದ ಏರಿತು. ಬೇಡಿದವರು ಊಳಿಗದವರಲ್ಲ, ಪಕ್ಷಕ್ಕೆ ಮೂರು ತಲೆಮಾರು ವಂತಿಗೆ ಕೊಟ್ಟ, ಬಾವುಟ ಹೊತ್ತ ಮನೆಗಳವರು. ಅವರ ಭಯ ಏನೆಂದು ನಾನು ಊಹಿಸಬಲ್ಲೆ. ದುಡ್ಡಿರುವವನೊಬ್ಬ ಆ ಬಾವುಟ ಹಿಡಿದರೆ ನಾಳೆ ಅದನ್ನು ಯಾವ ಅಂಗಡಿಯಲ್ಲಿ ಮಾರುತ್ತಾನೋ! ಆಬಾರ ರಕ್ತವಾದರೆ ಮಾರಲಿಕ್ಕಿಲ್ಲ. ಮಹಾರಾಷ್ಟ್ರದ ಶಾಸಕರು ಪಕ್ಷ ಬದಲಿಸುತ್ತಿದ್ದ ವೇಗವನ್ನು ನೆನೆದರೆ ಆ ಭಯ ಸುಳ್ಳಿನದಲ್ಲ.

ಆದರೂ ಅವರು ತಪ್ಪಿದರು ಎಂದೇ ನನ್ನ ತೀರ್ಮಾನ. 1954ರಲ್ಲಿ ಸ್ಥಾಪಕರೇ ಬಿಟ್ಟುಹೋದಾಗ ಪಕ್ಷವನ್ನು ಎತ್ತಿ ನಿಲ್ಲಿಸಿದವರು ಇಂಥ ಕಾರ್ಯಕರ್ತರೇ. ಅವರ ಮೊಮ್ಮಕ್ಕಳಿಗೆ ತಮ್ಮ ನಡುವಿನಿಂದಲೇ ಒಬ್ಬ ನೂಲಿನ ಗಿರಣಿಯ ಕೆಲಸಗಾರನನ್ನೋ, ಪಾಣಿ ಪರಿಷತ್ತಿನಲ್ಲಿ ಬೆಳೆದ ಒಬ್ಬ ಹೆಣ್ಣುಮಗಳನ್ನೋ ಎತ್ತಿ ಹಿಡಿಯಲು ತೋಚಲಿಲ್ಲ. ಆಬಾರ ಮೇಲಿನ ಪ್ರೀತಿ ಪಕ್ಷದ ಮೇಲಿನ ನಂಬಿಕೆಗಿಂತ ದೊಡ್ಡದಾಗಿತ್ತು. ಅದಕ್ಕೆ ಆಬಾ ಅವರೂ ಹೊಣೆ. ಅರ್ಧ ಶತಮಾನ ಪ್ರತಿ ಅರ್ಜಿಯನ್ನೂ ತಾವೇ ಕೈಯಾರೆ ತೆಗೆದುಕೊಂಡವರು, ಪ್ರತಿ ಮದುವೆ, ಪ್ರತಿ ಸಾವಿಗೂ ತಾವೇ ಹೋದವರು, ಎರಡನೆಯ ಸಾಲನ್ನು ಬೆಳೆಸಲು ಎಡೆ ಮಾಡಿಕೊಡಲಿಲ್ಲ. ಅವರ ದೊಡ್ಡಗುಣವೇ ಪಕ್ಷದ ಬಡತನವಾಯಿತು. ಕಾಗೋಡು ಸತ್ಯಾಗ್ರಹದ ಶಾಂತವೇರಿ ಗೋಪಾಲಗೌಡರು 1972ರಲ್ಲಿ ತೀರಿಕೊಂಡ ಮೇಲೆ ನಮ್ಮ ಮಲೆನಾಡಿನ ಸಮಾಜವಾದಿಗಳು ದಿಕ್ಕುದಿಕ್ಕಿಗೆ ಹರಡಿಹೋದದ್ದನ್ನು ಓದಿದವರಿಗೆ ಈ ನೋವು ಪರಿಚಿತ.

ಅಕ್ಟೋಬರ್ 21ರಂದು ಮತದಾನ, 24ಕ್ಕೆ ಎಣಿಕೆ. ಎದುರಾಳಿ ಮತ್ತೆ ಅದೇ ಶಹಾಜಿಬಾಪು ಪಾಟೀಲ್, ಶಿವಸೇನೆಯಿಂದ. ಇಬ್ಬರೂ ಒಂದು ಲಕ್ಷದ ಹತ್ತಿರ ಮತ ಪಡೆದರು. ಕೊನೆಗೆ ಅನಿಕೇತ್ ಸೋತದ್ದು 768 ಮತಗಳಿಂದ. 1995ರ 192ನ್ನು ಕಂಡ ಹಿರಿಯ ಕಾರ್ಯಕರ್ತರಿಗೆ ಎರಡನೆಯ ಸಲ ಅದೇ ಕೈಯಿಂದ, ಅದೇ ರೀತಿಯ ಕೂದಲೆಳೆಯ ಪೆಟ್ಟು. ಆಬಾ ನಿಂತಿದ್ದರೆ ಎಂಬ ಮಾತು ಆಮೇಲೆ ಎಷ್ಟು ಕಟ್ಟೆಗಳ ಮೇಲೆ ಬಂದಿರಬೇಕು! ನಿಂತಿದ್ದರೆ ಗೆಲ್ಲುತ್ತಿದ್ದರೇನೋ. ಗೆದ್ದಿದ್ದರೂ ಪ್ರಶ್ನೆ ಎರಡು ವರ್ಷ ಮುಂದೆ ಹೋಗುತ್ತಿತ್ತು, ಅಷ್ಟೆ. 2021ರ ಜುಲೈ 30ರಂದು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಗಣಪತರಾವ್ ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಾಂಗೋಲಾಕ್ಕೆ ತಂದು ಮಣ್ಣಿನ ಋಣ ತೀರಿಸಿದರು.

ಮುಂದಿನ ವರ್ಷ, 2022ರ ಜೂನಿನಲ್ಲಿ, ಸಾಂಗೋಲಾದ ಹೆಸರು ದೇಶದ ಕಿವಿಗೆ ಬಿತ್ತು. ಏಕನಾಥ ಶಿಂದೆ ಜೊತೆ ಶಿವಸೇನೆಯಿಂದ ಸಿಡಿದು ಗುವಾಹಟಿಯ ಹೋಟೆಲು ಸೇರಿದ್ದ ಶಾಸಕರಲ್ಲಿ ಶಹಾಜಿಬಾಪು ಪಾಟೀಲರೂ ಇದ್ದರು. ಕಾರ್ಯಕರ್ತನೊಬ್ಬನಿಗೆ ಫೋನಿನಲ್ಲಿ ಅಲ್ಲಿನ ಗಿಡಮರ, ಗುಡ್ಡ, ಹೋಟೆಲನ್ನು ಅವರು ಹಾಡಿ ಹೊಗಳಿದ ಧ್ವನಿಮುದ್ರಿಕೆ ಮಹಾರಾಷ್ಟ್ರದ ಮನೆಮನೆಯಲ್ಲೂ ಮೊಳಗಿತು. ಜನ ನಕ್ಕರು. ನನಗೆ ನಗು ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಶಾಸಕನನ್ನು ಹಿಡಿದು ಮಾತಾಡುತ್ತಿದ್ದ ತಾಲ್ಲೂಕಿನವರು ಈಗ ತಮ್ಮ ಶಾಸಕ ಎಲ್ಲಿದ್ದಾನೆ ಎಂಬುದನ್ನು ಫೋನಿನ ಧ್ವನಿಯಿಂದ ತಿಳಿಯಬೇಕಾಗಿ ಬಂತು.

2023ರ ಆಗಸ್ಟ್ 13ರಂದು ಸಾಂಗೋಲಾದಲ್ಲಿ ಆಬಾ ಪ್ರತಿಮೆಯ ಅನಾವರಣ. ದೇವೇಂದ್ರ ಫಡಣವೀಸ್ ಮತ್ತು ಶರದ್ ಪವಾರ್ ಒಂದೇ ವೇದಿಕೆಯಲ್ಲಿ ಕೂತರು. ರಾಷ್ಟ್ರವಾದಿ ಕಾಂಗ್ರೆಸ್ ಒಡೆದು ತಿಂಗಳೊಂದಷ್ಟೇ ಕಳೆದಿತ್ತು. ಪವಾರರ ಮನೆಯೇ ಎರಡಾಗಿತ್ತು. ಆ ಹೊತ್ತಿನಲ್ಲಿ ಪಕ್ಷ ಬದಲಿಸದ ಒಬ್ಬ ಮನುಷ್ಯನ ಪ್ರತಿಮೆಯ ಎದುರು ಎಲ್ಲ ಬಣದವರೂ ಕೈ ಮುಗಿದರು.

ಶೇಕಾಪ ಇಷ್ಟರಲ್ಲಿ ಸೊರಗಿಹೋಗಿತ್ತು. 2014ರಲ್ಲಿ ಮೂವರು ಶಾಸಕರು, 2019ರಲ್ಲಿ ಒಬ್ಬರೇ, ಅದೂ ನಾಂದೇಡ ಜಿಲ್ಲೆಯ ಲೋಹಾದಿಂದ. ರಾಯಗಡದ ಹಳೆಯ ಕೋಟೆಗಳು ಒಂದೊಂದಾಗಿ ಬಿದ್ದಿದ್ದವು. 2024ರ ಚುನಾವಣೆ ಬಂದಾಗ ಮೈತ್ರಿಕೂಟದ ಜೊತೆಗಾರರೂ ಸಾಂಗೋಲಾವನ್ನು ಶೇಕಾಪಕ್ಕೆ ಬಿಟ್ಟುಕೊಡಲಿಲ್ಲ. ಉದ್ಧವ್ ಠಾಕ್ರೆಯವರ ಶಿವಸೇನೆ ದೀಪಕ್ ಸಾಳುಂಖೆ ಅವರನ್ನು ನಿಲ್ಲಿಸಿತು. ಶಿಂದೆ ಸೇನೆಯಿಂದ ಶಹಾಜಿಬಾಪು. ಶೇಕಾಪದಲ್ಲಿ ಆಬಾರ ಇಬ್ಬರು ಮೊಮ್ಮಕ್ಕಳ ಹೆಸರೂ ಕೇಳಿಬಂತು. ಕೊನೆಗೆ ನಿಂತವರು ಡಾ. ಬಾಬಾಸಾಹೇಬ್ ದೇಶಮುಖ್. ಹೊರಗಿನ ಬಲ ಯಾವುದೂ ಇಲ್ಲದ ಕಣ. ಮುಖಂಡರು ಕೈಬಿಟ್ಟಾಗ ನಿಲ್ಲುವುದು ಆ ಪಕ್ಷದ ಕಾರ್ಯಕರ್ತರಿಗೆ ಹಳೆಯ ಅಭ್ಯಾಸ. ಐದು ವರ್ಷ ಅವರು 768ನ್ನು ಮರೆತಿರಲಿಲ್ಲ.

ನವೆಂಬರ್ 23ರಂದು ಎಣಿಕೆ ಮುಗಿದಾಗ ಬಾಬಾಸಾಹೇಬ್ ಸುಮಾರು 25 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಹತ್ತು ವರ್ಷದ ಹಿಂದೆ ಆಬಾ ಕೊನೆಯ ಸಲ ಗೆದ್ದ ಅಂತರವೂ ಹೆಚ್ಚುಕಡಿಮೆ ಇಷ್ಟೇ. ಆ ಚುನಾವಣೆಯಲ್ಲಿ ಮಹಾರಾಷ್ಟ್ರ ಆರಿಸಿದ 288 ಶಾಸಕರಲ್ಲಿ ರೈತ ಕಾರ್ಮಿಕರ ಆ ಹಳೆಯ ಪಕ್ಷದವರು ಒಬ್ಬರೇ, ಸಾಂಗೋಲಾದವರು.